ಮಗಳನ್ನ ಫ್ರೆಂಡ್ಸ್ ಗ್ರೂಪಿಂದ ಹೊರಗಿಟ್ಟಾಗ ಅಪ್ಪ ಅಮ್ಮ ಏನ್ ಮಾಡ್ಬೇಕು

ಹುಡುಗೀರ ಮಧ್ಯೆ ನಡೆಯೋ ಬುಲ್ಲಿಯಿಂಗ್ ದೊಡ್ಡೋರ ಕಣ್ಣಿಗೆ ಬೀಳೋದೇ ಕಮ್ಮಿ. ಗಾಯ ಇರಲ್ಲ, ಕೂಗಾಟ ಇರಲ್ಲ. ಅವಳು ಬಂದ ತಕ್ಷಣ ಎಲ್ರೂ ಮಾತು ನಿಲ್ಲಿಸ್ತಾರೆ, ಅವಳೊಬ್ಬಳನ್ನ ಬಿಟ್ಟು ಇನ್ನೊಂದು ವಾಟ್ಸಾಪ್ ಗ್ರೂಪ್ ಮಾಡ್ತಾರೆ, ನಂಬಿ ಹೇಳಿದ ಮಾತಿನ ಸ್ಕ್ರೀನ್‌ಶಾಟ್ ಹತ್ತು ಜನಕ್ಕೆ ಹೋಗಿರುತ್ತೆ. 1995ರಲ್ಲಿ ನಿಕಿ ಕ್ರಿಕ್, ಜೆನಿಫರ್ ಗ್ರಾಟ್‌ಪೀಟರ್ ಅನ್ನೋ ಸಂಶೋಧಕಿಯರು ಹೀಗೆ ಸ್ನೇಹನೇ ಆಯುಧ ಮಾಡ್ಕೊಂಡು ನೋಯಿಸೋದೂ ಒಂದು ಥರದ ಹಿಂಸೆನೇ ಅಂತ ತೋರಿಸಿದ್ರು.

"ಹುಡುಗೀರ ಬುದ್ಧಿನೇ ಅಷ್ಟು" ಅಂತ ದಯವಿಟ್ಟು ಹೇಳ್ಬೇಡಿ. 148 ಅಧ್ಯಯನಗಳನ್ನ ಒಟ್ಟಿಗೆ ನೋಡಿದ 2008ರ ಒಂದು ವಿಶ್ಲೇಷಣೆ ಪ್ರಕಾರ ಹುಡುಗ್ರೂ ಹೆಚ್ಚುಕಮ್ಮಿ ಇಷ್ಟೇ ಮಾಡ್ತಾರೆ. ಆದ್ರೆ ಹುಡುಗೀರಿಗೆ ನಾವು ಚಿಕ್ಕೋರಿದ್ದಾಗಿಂದ ಕೋಪ ಮಾಡ್ಕೋಬೇಡ, ಎದುರು ಮಾತಾಡ್ಬೇಡ, ಎಲ್ರ ಹತ್ರ ಚೆನ್ನಾಗಿರು ಅಂತ ಹೇಳ್ಕೊಡ್ತೀವಲ್ಲ, ಆ ಕೋಪ ಎಲ್ಲಿಗೆ ಹೋಗ್ಬೇಕು ಹೇಳಿ? ಬೆನ್ನ ಹಿಂದಿನ ಪಿಸುಮಾತಾಗುತ್ತೆ. ದಪ್ಪ, ಕಪ್ಪು, ಗಂಡುಬೀರಿ ಅನ್ನೋ ಪದಗಳನ್ನೂ ಮಕ್ಕಳು ಹೊಸದಾಗಿ ಹುಟ್ಟಿಸಲ್ಲ, ದೊಡ್ಡೋರ ಬಾಯಿಂದಾನೇ ಕಲೀತಾರೆ.

ಅದಕ್ಕೆ ಮೊದಲ ಕೆಲಸ ಮನೇಲೇ. ಯಾರ ಮೈ ಬಣ್ಣ, ತೂಕ, ಮೊಡವೆ ಬಗ್ಗೆನೂ ಮಾತಾಡೋದು ನಿಲ್ಲಿಸಿ, ಕನ್ನಡಿ ಮುಂದೆ ನಿಂತು ನಿಮ್ಮನ್ನ ನೀವೇ ಬೈಕೊಳ್ಳೋದೂ ಸೇರಿ.

ಮಗಳು ಬಂದು ಹೇಳ್ಕೊಂಡಾಗ ಪೂರ್ತಿ ಕೇಳಿ. "ನೀನೇನ್ ಮಾಡ್ದೆ?" ಅಂತ ಶುರು ಮಾಡಿದ್ರೆ ಅವಳು ಅಲ್ಲಿಗೇ ಬಾಯಿ ಮುಚ್ಕೋತಾಳೆ. ತಕ್ಷಣ ನೋಯಿಸಿದ ಹುಡುಗಿಯ ಅಮ್ಮನಿಗೆ ಫೋನ್ ಮಾಡ್ಬೇಡಿ, ಬಹಳ ಸಲ ಅದು ದೊಡ್ಡೋರ ಜಗಳ ಆಗಿ ಮಾರನೇ ದಿನ ಕ್ಲಾಸಲ್ಲಿ ಇವಳೇ ಅನುಭವಿಸ್ಬೇಕಾಗುತ್ತೆ. ಮೆಸೇಜ್‌ಗಳನ್ನ ಡಿಲೀಟ್ ಮಾಡದೆ ತಾರೀಕಿನ ಸಮೇತ ಇಟ್ಕೊಳ್ಳಿ. ಫೋನ್ ಕಿತ್ಕೊಳ್ಳೋದಂತೂ ಬೇಡ, ಮುಂದಿನ ಸಲ ನಿಮಗೆ ವಿಷಯನೇ ಗೊತ್ತಾಗಲ್ಲ.

ಕೋಪನ ನೇರವಾಗಿ ಹೇಳೋದು ಕಲಿಸಿ, ಇದು ಎಲ್ಲಕ್ಕಿಂತ ಮುಖ್ಯ ಅಂತ ನನಗನ್ಸುತ್ತೆ. "ನನ್ನ ಫೋಟೋ ಹಾಕಿ ನಕ್ಕಿದ್ದು ನಂಗೆ ಇಷ್ಟ ಆಗ್ಲಿಲ್ಲ, ತೆಗಿ" ಅಷ್ಟೇ, ಸಾರಿ ಕೇಳದೆ, ನಗದೆ. ಮನೇಲಿ ನಿಮ್ಮ ಮೇಲೇ ಪ್ರಾಕ್ಟೀಸ್ ಮಾಡ್ಲಿ. ಅವಳು ನಿಮ್ಮ ಮೇಲೆ ನಿಜವಾಗ್ಲೂ ಸಿಟ್ಟಾದಾಗ "ಹೆಣ್ಣುಮಗು ಹೀಗಾ ಮಾತಾಡೋದು" ಅಂದ್ರೆ ಕಲಿಸಿದ್ದೆಲ್ಲ ವೇಸ್ಟ್. ಗ್ರೂಪಿನ ಆಚೆ ಒಬ್ಬಳಾದ್ರೂ ಗೆಳತಿ ಇರೋ ಹಾಗೂ ನೋಡ್ಕೊಳ್ಳಿ, ಆಟ, ಸಂಗೀತ, ಏನೋ ಒಂದು.

ಹೊರಗಿಡ್ತಿರೋಳು ನಿಮ್ಮ ಮಗಳೇ ಆಗಿದ್ರೆ? "ನನ್ ಮಗಳು ಅಂಥವಳಲ್ಲ" ಅಂತ ತಳ್ಳಿಹಾಕ್ಬೇಡಿ. ಅವಳಿಗೆ ಆ ಹುಡುಗಿ ಮೇಲೆ ಏನ್ ಸಿಟ್ಟು, ಗ್ರೂಪಲ್ಲಿ ತನ್ನ ಜಾಗ ಹೋಗುತ್ತೆ ಅನ್ನೋ ಭಯನಾ ಕೇಳಿ, ಮಾಡಿದ್ದನ್ನ ಅವಳ ಕೈಲೇ ಸರಿ ಮಾಡಿಸಿ.

ನಿಮ್ಮ ಮಗಳನ್ನ ಹೊರಗಿಡೋದು ವಾರಗಟ್ಟಲೆ ನಿಲ್ಲದೇ ನಡೀತಿದ್ರೆ ಟೀಚರ್ ಹತ್ರ ಹೋಗಿ, ಅವಳಿಗೆ ತಿಳಿಸೇ ಹೋಗಿ. ಇಬ್ಬರನ್ನೂ ಎದುರುಬದುರು ಕೂರಿಸಿ ಕೈ ಕುಲುಕಿಸ್ಬೇಡಿ ಅಂತ ಕೇಳ್ಕೊಳ್ಳಿ, ನೋವು ತಿಂದೋಳು ಅಲ್ಲಿ ಸತ್ಯ ಹೇಳೋದು ಕಷ್ಟ. ಊಟ ನಿದ್ದೆ ಬಿಟ್ರೆ, ಸಾಯೋ ಮಾತಾಡಿದ್ರೆ ಒಂದಿನಾನೂ ಕಾಯದೆ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ.