ಮಗಳೂ ತಾರಾ, ನಾಯಿನೂ ತಾರಾ: ನಾವು ಹೇಗೆ ನಿಭಾಯಿಸಿದ್ವಿ

ನನ್ನ ಮಗಳ ಹೆಸರು ತಾರಾ. ದಾವಣಗೆರೇಲಿ ನಮ್ಮಪ್ಪನ ಮನೇಲಿರೋ ನಾಯಿ ಹೆಸರೂ ತಾರಾ, ಹೆಸರು ಮೊದ್ಲು ಸಿಕ್ಕಿದ್ದು ನಾಯಿಗೆ. ಕೇಳಿದವ್ರು ಮೊದ್ಲು ನಗ್ತಾರೆ, ಆಮೇಲೆ ಸ್ವಲ್ಪ ತಡೆದು ಮೆಲ್ಲಗೆ "ಮನೇಲಿ ಯಾರೂ ಏನೂ ಅನ್ಲಿಲ್ವಾ" ಅಂತಾರೆ. ಅಂದ್ರು, ಬೇಜಾನ್ ಅಂದ್ರು. ಆದ್ರೂ ಇಟ್ವಿ, ಈಗ ಅವ್ಳು ಪ್ಲೇ ಹೋಮ್‌ಗೆ ಹೋಗ್ತಾಳೆ. ಇದೇ ಪೇಚಲ್ಲಿ ಸಿಕ್ಕಿರೋರು ಇನ್ಯಾರಾದ್ರೂ ಇರ್ತಾರೆ ಅಂತ ನಾವು ಏನೇನು ಮಾಡಿದ್ವಿ ಬರೀತಿದೀನಿ.

ನಾಯಿ ಅಂದ್ರೆ ಜಾತಿ ನಾಯಿ ಏನಲ್ಲ, ನನ್ನ ತಮ್ಮ ಕಾಲೇಜಲ್ಲಿದ್ದಾಗ ಮಳೇಲಿ ನೆನೀತಿದ್ದ ಬೀದಿ ಮರೀನ ಶರ್ಟಲ್ಲಿ ಸುತ್ಕೊಂಡು ತಂದಿದ್ದ, ಹಣೆ ಮೇಲೆ ಬಿಳಿ ಚುಕ್ಕೆ ಇತ್ತು ಅಂತ ತಾರಾ ಅಂದ, ಅಲ್ಲಿಗೆ ಮುಗೀತು. ನಾನು ಹೆರಿಗೆಗೆ ತವರಿಗೆ ಬಂದಾಗ ಅವ್ಳು ಆ ಮನೆಯ ಹಿರೀಕಳೇ ಆಗಿಬಿಟ್ಟಿದ್ಲು. ಹೆಸರು ಮೊದ್ಲೇ ಯೋಚ್ನೆ ಮಾಡೋಣ ಅಂದ್ರೆ ನಮ್ಮಲ್ಲಿ ಹೆಣ್ಣೋ ಗಂಡೋ ಅಂತ ಸ್ಕ್ಯಾನಿಂಗಲ್ಲಿ ಹೇಳೋ ಹಾಗಿಲ್ಲ, 1994ರ ಕಾಯ್ದೆ ಇದೆ, ಇರ್ಲೇಬೇಕು ಕೂಡ. ಹಾಗಾಗಿ ಎಲ್ಲಾ ಮಗು ಹುಟ್ಟಿದ್ಮೇಲೇ. ಹುಟ್ಟಿದ್ದು ಸ್ವಾತಿ ನಕ್ಷತ್ರ, ನಾಲ್ಕನೇ ಪಾದ. ಸ್ವಾತಿಗೆ ರೂ, ರೇ, ರೋ, ತಾ ಅಂತ ನಾಲ್ಕು ಅಕ್ಷರ, ನಾಲ್ಕನೇ ಪಾದಕ್ಕೆ ತಾ. ಪಂಚಾಂಗ ನೋಡಿದ ಅಯ್ಯನವ್ರು "ತಾ ಇಂದ ಇಡ್ರಿ" ಅಂತ ಫೋನ್ ಇಟ್ರು, ಅಮ್ಮ ತಟ್ಟನೆ ಬಾಗಿಲ ಹತ್ರ ಮಲಗಿದ್ದ ನಾಯಿ ಕಡೆ ನೋಡಿದ್ಲು.

ತಾ ಇಂದ ಶುರುವಾಗೋ ಹೆಸರು ಹುಡುಕಿ ನೋಡಿ, ಎಷ್ಟು ಕಮ್ಮಿ ಇದಾವೆ ಅಂತ ಗೊತ್ತಾಗುತ್ತೆ. ತಾನ್ಯಾ, ತಾರಿಣಿ, ತಾರಕೇಶ್ವರಿ. ತಾನ್ಯಾ ಅಂತ ನನ್ನ ಆಫೀಸಲ್ಲೇ ಇಬ್ರು ಇದಾರೆ. ನನಗೂ ನನ್ನ ಗಂಡನಿಗೂ ನಿಜವಾಗಿ ಇಷ್ಟ ಆಗಿದ್ದು ತಾರಾ ಒಂದೇ, ಎರಡೇ ಅಕ್ಷರ, ಯಾವ ಭಾಷೇಲಿ ಬರೆದ್ರೂ ಸ್ಪೆಲಿಂಗ್ ಹೇಳ್ಕೊಡೋ ಗೋಜಿಲ್ಲ, ಅಮೆರಿಕದಲ್ಲಿರೋ ನನ್ನ ನಾದಿನಿ ಮಕ್ಕಳೂ ತಿರುಚದೆ ಕರೀತಾರೆ. ನಾಯಿಗೆ ಇಟ್ಟಿದ್ದೂ ಚೆನ್ನಾಗಿದೆ ಅಂತಾನೇ ಅಲ್ವಾ, ಕೆಟ್ಟ ಹೆಸರನ್ನ ಯಾರಾದ್ರೂ ಮುದ್ದಿನ ನಾಯಿಗೆ ಇಡ್ತಾರಾ.

ಮೊದ್ಲು ನಾನು ಕೇಳಿದ್ದು ತಮ್ಮನ್ನ. ಇದನ್ನ ದಯವಿಟ್ಟು ಬಿಡ್ಬೇಡಿ, ಪ್ರಾಣಿಗೆ ಹೆಸರಿಟ್ಟವ್ರು ಮನೇಲಿ ಇದ್ರೆ ಅವ್ರನ್ನ ಕೇಳ್ದೆ ಮುಂದುವರಿದ್ರೆ ಬೇಜಾರು ಉಳಿಯುತ್ತೆ. ಅವ್ನು ಖುಷಿಯಾದ, ಆದ್ರೆ ಒಂದು ಷರತ್ತು, ನಾಯಿ ಹೆಸರು ಕಿತ್ಕೊಂಡು ಇನ್ನೇನೋ ಹೊಸದು ಅಂಟಿಸ್ಬಾರ್ದು ಅಂದ. ಸರಿ ಅಂದೆ.

ಅತ್ತೆ ಮಾತ್ರ ಒಪ್ಲಿಲ್ಲ. ಮೈಸೂರಿನವ್ರು, ಮಾತು ಮೃದು, ಆದ್ರೆ ನಾಯಿ ಹೆಸರು ನನ್ನ ಮೊಮ್ಮಗಳಿಗಾ ಅಂತ ಫೋನಲ್ಲೇ ಗಂಟಲು ಕಟ್ಟಿತ್ತು. ಅವ್ರ ದೊಡ್ಡ ಮೊಮ್ಮಗನ ಹೆಸರು ಅರ್ಜುನ್. ಎಂಟು ಸಲ ಚಿನ್ನದ ಅಂಬಾರಿ ಹೊತ್ತ ದಸರಾ ಆನೆ ಅರ್ಜುನ 2023ರ ಡಿಸೆಂಬರಲ್ಲಿ ಕಾಡಾನೆ ಜೊತೆ ಕಾದಾಡಿ ಸತ್ತಾಗ ಟೀವಿ ಮುಂದೆ ಕೂತು ಅತ್ತಿದ್ದು ಇದೇ ಅತ್ತೆ. ನನ್ನ ಗಂಡ ಅದನ್ನೇ ಎತ್ತಿದ, ಅಲ್ಲಮ್ಮಾ ಆನೆ ಹೆಸರಾದ್ರೆ ಪರವಾಗಿಲ್ವಾ, ಲಕ್ಷ್ಮಿ ಕಾವೇರಿ ವಿಜಯ ಎಲ್ಲಾ ಆನೆಗಳೇ ಅಲ್ವಾ ಅಂತ. ಆನೆ ಬೇರೆ ನಾಯಿ ಬೇರೆ ಅಂದ್ರು. ನನಗೆ ಇಲ್ಲೇ ಸಿಟ್ಟು ಬರೋದು, ಕೊಟ್ಟಿಗೇಲಿ ಗೌರಿ, ಗಂಗೆ, ಕಪಿಲೆ ಅಂತ ಹಸು ಕಟ್ಟಿದ ಮನೇಲೇ ಗೌರಿ ಅನ್ನೋ ಮಗಳು ಬೆಳೀತಾಳೆ, ಯಾರೂ ಮಗಳಿಗೆ ಹಸು ಹೆಸರು ಇಟ್ರು ಅನ್ನಲ್ಲ, ನಾಯಿ ಅಂದ ಕೂಡ್ಲೇ ಹೆಸರು ಮೈಲಿಗೆ ಆಗಿಬಿಡುತ್ತೆ. ತಮಾಷೆ ಅಂದ್ರೆ ಪುರಾಣದಲ್ಲಿ ಬೃಹಸ್ಪತಿ ಹೆಂಡ್ತಿ ತಾರೆ ಚಂದ್ರನ ಜೊತೆ ಹೋದ ಕಥೆ ಇದೆಯಲ್ಲ, ಅದನ್ನ ಒಬ್ರೂ ಎತ್ಲಿಲ್ಲ. ನಾನೂ ನೆನಪು ಮಾಡೋಕೆ ಹೋಗ್ಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ನಮ್ಮಪ್ಪನ ಮಾತು. ನಮ್ಮ ಮನೆದೇವ್ರು ದೇವರಗುಡ್ಡದ ಮೈಲಾರಲಿಂಗ. ಅಲ್ಲಿ ದೇವ್ರ ದೀಕ್ಷೆ ತಗೊಂಡ ಗೊರವಪ್ಪನವ್ರು ಕಂಬಳಿ ಹೊದ್ದು, ತಾವು ದೇವ್ರ ನಾಯಿಗಳು ಅಂತ ಬೊಗಳ್ತಾ, ದೋಣಿ ಅನ್ನೋ ಪಾತ್ರೇಲಿ ಕಲಸಿಟ್ಟ ಹಾಲು ತುಪ್ಪ ಬಾಳೆಹಣ್ಣಿಗೆ ಬಾಯಿ ಹಾಕಿ ತಿಂತಾರೆ, ಭಕ್ತರು ಅವ್ರ ಕಾಲಿಗೆ ಬೀಳ್ತಾರೆ. ಅಪ್ಪ ಅತ್ತೆಗೆ ಜಗಳ ಮಾಡೋ ದನಿಯಲ್ಲಿ ಹೇಳ್ಲಿಲ್ಲ, "ನಮ್ ದೇವ್ರ ಮುಂದ ನಾಯಿ ಆಗಾಕ ದೀಕ್ಷೆ ತಗೋಬೇಕ್ರೀ ಬೀಗ್ತಿ, ಸುಮ್ನ ಆಗಾಂಗಿಲ್ಲ" ಅಂದ್ರು ಅಷ್ಟೇ. ಅತ್ತೆ ಒಪ್ಪಿದ್ರು ಅಂತಲ್ಲ, ವಾದ ನಿಲ್ಲಿಸಿದ್ರು. ಅವ್ರು ಇವತ್ತಿಗೂ ಮಗೂನ ಚಾಮು ಅಂತಾನೇ ಕರೀತಾರೆ, ಚಾಮುಂಡಿ ಇಂದ ಬಂದಿದ್ದು. ನನಗೇನೂ ಅಭ್ಯಂತರ ಇಲ್ಲ, ನಮ್ಮಲ್ಲಿ ಒಂದು ಮಗೂಗೆ ಒಂದೇ ಹೆಸರು ಅಂತ ಯಾವಾಗ ಇತ್ತು ಹೇಳಿ, ಅತ್ತೆ ಹೆಸರನ್ನೇ ಮಗೂಗೆ ಇಟ್ಟು ಸೊಸೆ ಅದನ್ನ ಬಾಯಲ್ಲಿ ಹೇಳ್ಬಾರ್ದು ಅಂತ ಪುಟ್ಟಿ, ಅಮ್ಮಿ ಅಂತ ಕರೆದೇ ಎಷ್ಟೋ ತಲೆಮಾರು ಬೆಳೆದಿಲ್ವಾ.

ನನ್ನ ಗಂಡನಿಗೆ ಶಾಸನದ ಹುಚ್ಚು, ಅವ್ನ ವಾದ ಇನ್ನೂ ಬೇರೆ. ಬೆಂಗಳೂರಿನ ಕಸ್ತೂರಬಾ ರಸ್ತೆ ಮ್ಯೂಸಿಯಮ್ಮಲ್ಲಿ ಆತಕೂರು ಶಾಸನ ಇದೆ, ತಕ್ಕೋಲದ ಯುದ್ಧದ ಕಾಲದ್ದು, ಅಂದ್ರೆ ಸುಮಾರು 949-50. ಗಂಗರ ಬೂತುಗನ ಕಡೆಯ ವೀರ ಮಣಲೇರ ಯುದ್ಧ ಗೆದ್ದು ಬಂದಾಗ ಏನು ಬೇಕೋ ಕೇಳು ಅಂದ್ರೆ ಕಾಳಿ ಅನ್ನೋ ಬೇಟೆ ನಾಯೀನ ಕೊಡಿ ಅಂತ ಕೇಳ್ದನಂತೆ, ಅದು ಹಂದಿ ಜೊತೆ ಕಾದಾಡಿ ಎರಡೂ ಸತ್ತಾಗ ಕಲ್ಲು ನಿಲ್ಸಿ ಭೂಮಿ ದಾನ ಕೊಟ್ರು. ನಮ್ಮ ಬಳಗದಲ್ಲಿ ಕಾಳಮ್ಮ ಅನ್ನೋರು ಎಷ್ಟು ಜನ ಇದಾರೆ, ಯಾರಾದ್ರೂ ನೊಂದ್ಕೊಂಡ್ರಾ ಅಂತ ಕೇಳ್ತಾನೆ. ಅತ್ತೆ ಮುಂದೆ ಈ ಕಲ್ಲಿನ ಕಥೆ ನಡೀಲಿಲ್ಲ, ನನಗೆ ಮಾತ್ರ ಇಷ್ಟ ಆಯ್ತು.

ಈಗ ಅಸಲಿ ಸಮಸ್ಯೆಗೆ ಬರ್ತೀನಿ, ಅದು ಮರ್ಯಾದೆದಲ್ಲ, ಕೂಗೋದು. ಬಾಣಂತನ ಅದೇ ಮನೇಲಿ. ನಾನು ತೊಟ್ಟಿಲ ಹತ್ರ ಕೂತು ಮೆಲ್ಲಗೆ ತಾರಾ ಅಂದ್ರೂ ಹಿತ್ಲಿಂದ ನಾಯಿ ಓಡಿ ಬರೋದು, ಬಂದು ಬಾಲ ಆಡಿಸ್ತಾ ನಿಲ್ಲೋದು, ಅದಕ್ಕೇನು ಗೊತ್ತು ಪಾಪ. ಅಮ್ಮ ಫ್ಯಾಮಿಲಿ ಗ್ರೂಪಲ್ಲಿ "ತಾರಾ ಬೆಳಿಗ್ಗೆಯಿಂದ ಎರಡು ಸಲ ವಾಂತಿ ಮಾಡ್ಕೊಂಡ್ಲು" ಅಂತ ಹಾಕಿದ್ದಕ್ಕೆ ಬೆಂಗಳೂರಲ್ಲಿದ್ದ ನನ್ನ ಗಂಡ ಮೀಟಿಂಗ್ ಬಿಟ್ಟು ಎದ್ದು ಫೋನ್ ಮಾಡಿದ್ದ, ನಾಯಿ ಹುಲ್ಲು ತಿಂದಿತ್ತು ಅಷ್ಟೇ.

ಪರಿಹಾರ ದಾವಣಗೆರೆಯದ್ದೇ. ನಮ್ಮ ಕಡೆ ಒಂದೇ ಮನೇಲಿ ಇಬ್ರು ಬಸಪ್ಪ ಆದ್ರೆ ದೊಡ್ಡಬಸಪ್ಪ, ಸಣ್ಣಬಸಪ್ಪ. ಹಾಗೇ ನಾಯಿ ದೊಡ್ಡ ತಾರಾ, ಮಗು ಸಣ್ಣ ತಾರಾ. ತಮ್ಮನ ಷರತ್ತೂ ಮುರೀಲಿಲ್ಲ. ಆದ್ರೆ ಕೂಗೋಕೆ ಬರೀ ದೊಡ್ಡಿ, ಯಾಕಂದ್ರೆ ದೊಡ್ಡ ತಾರಾ ಅಂದ್ರೂ ಅದರಲ್ಲಿ ತಾರಾ ಇದ್ದೇ ಇದೆ. ಇದನ್ನ ಕಲಿಸಿದ್ದು ಹೀಗೆ. ಕೈಯಲ್ಲಿ ಮಂಡಕ್ಕಿ ಹಿಡ್ಕೊಂಡು, ಒಗ್ಗರಣೆ ಹಾಕಿದ್ದಲ್ಲ, ಬರೀ ಮಂಡಕ್ಕಿ, ಈರುಳ್ಳಿ ನಾಯಿಗೆ ವಿಷ, ಹತ್ರ ನಿಂತು ಒಂದೇ ಸಲ ದೊಡ್ಡಿ ಅನ್ನೋದು, ತಕ್ಷಣ ಕೊಡೋದು. ಮೊದಮೊದ್ಲು ಅದು ತಿರುಗಿ ನೋಡ್ಲಿ ಅಂತಾನೂ ನಾವು ಕಾಯಲ್ಲ, ಹೆಸರು ಹೇಳೋದು ಕೊಡೋದು, ಅಷ್ಟೇ. ಆಮೇಲೆ ತಿರುಗಿ ನೋಡಿದ್ರೆ ಮಾತ್ರ, ಆಮೇಲೆ ಪಕ್ಕದ ರೂಮಿಂದ, ಆಮೇಲೆ ಹಿತ್ಲಿಂದ. ದಿನಕ್ಕೆ ಎರಡು ಮೂರು ಸಲ, ಸ್ವಲ್ಪ ಸ್ವಲ್ಪ ಹೊತ್ತು, ಅದಕ್ಕೆ ಬೋರ್ ಆಗೋ ಮುಂಚೆ ನಿಲ್ಲಿಸ್ಬೇಕು. ಬೈಯೋವಾಗ ಹೊಸ ಹೆಸರು ಬಳಸ್ಲೇಬಾರ್ದು, ಅಪ್ಪನಿಗೆ ಇದು ತುಂಬಾ ಕಷ್ಟ ಆಯ್ತು. ದೊಡ್ಡಿ ಅಂದ್ರೆ ಓಡಿ ಬರೋಕೆ ಶುರುವಾದ್ಮೇಲೆ ಇನ್ನೊಂದು ಅರ್ಧ ಕೆಲಸ, ಮಗೂನ ಎತ್ಕೊಂಡು ತಾರಾ ಅನ್ನೋದು, ನಾಯಿ ಬಂದ್ರೆ ಏನೂ ಕೊಡಲ್ಲ, ಬೈಯಲ್ಲ, ನೋಡೋದೂ ಇಲ್ಲ. ಕೆಲವು ವಾರದಲ್ಲಿ ಕಿವಿ ಮಾತ್ರ ಎತ್ತಿ ಮತ್ತೆ ಮಲಗೋಕೆ ಶುರು ಮಾಡ್ತು. ಹಸುಗೂಸು ಜೊತೆ ಒಂಟಿಯಾಗಿ ಬಿಡ್ತಿರ್ಲಿಲ್ಲ ಬಿಡಿ, ಎಷ್ಟೇ ಒಳ್ಳೆ ನಾಯಿ ಆದ್ರೂ ಅದು ಬೇರೆ ಲೆಕ್ಕ.

ಕಾಗದ ಪತ್ರದ ವಿಷ್ಯದಲ್ಲಿ ಅವಸರ ಬೇಡ. ಜನನ ನೋಂದಣಿ 21 ದಿನದ ಒಳಗೆ ಆಗ್ಬೇಕು ನಿಜ, ಆದ್ರೆ ಮಗು ಹೆಸರಿನ ಜಾಗ ಖಾಲಿ ಬಿಟ್ಟೇ ನೋಂದಣಿ ಮಾಡಿಸ್ಬಹುದು, ಒಂದು ವರ್ಷದ ಒಳಗೆ ಹೆಸರು ಸೇರಿಸಿದ್ರೆ ಶುಲ್ಕ ಇಲ್ಲ, ಆಮೇಲೂ 15 ವರ್ಷದ ತನಕ ತಡವಾದ ಶುಲ್ಕ ಕಟ್ಟಿ ಸೇರಿಸ್ಬಹುದು. ಒಮ್ಮೆ ಸೇರಿದ್ಮೇಲೆ ಬದಲಾಯ್ಸೋದು ತಲೆನೋವು, ಅದೂ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಪಾಸ್‌ಪೋರ್ಟ್ ಎಲ್ಲದಕ್ಕೂ ಆ ಸರ್ಟಿಫಿಕೇಟೇ ಆಧಾರ. ನಾವು ಹಾಗೇ ಖಾಲಿ ಬಿಟ್ಟು, ಅಕ್ಕಿ ಮೇಲೆ ಉಂಗುರದಲ್ಲಿ ಬರೆದು ನಾಮಕರಣ ಮುಗಿಸಿ, ಮನೇಲಿ ಹೆಸರು ಕೂಗಿ ಕೂಗಿ ಅಭ್ಯಾಸ ಆದ್ಮೇಲೇ ಸೇರಿಸಿದ್ದು. ನಾಯಿಯ ರೇಬೀಸ್ ಲಸಿಕೆ ಪುಸ್ತಕದಲ್ಲಿ ತಾರಾ ಹಾಗೇ ಇದೆ. ಮಗೂ ತಾಯಿ ಕಾರ್ಡ್ ಅದೇ ಡ್ರಾಯರಲ್ಲಿ ಇದ್ದಿದ್ದಕ್ಕೆ ಅಪ್ಪ ಎರಡರ ಮೇಲೂ ಮಾರ್ಕರಲ್ಲಿ ದೊಡ್ಡ, ಸಣ್ಣ ಅಂತ ಬರೆದಿಟ್ರು.

ಒಂದು ಸಂದರ್ಭದಲ್ಲಿ ಮಾತ್ರ ನಾನು ಬೇಡ ಅಂತೀನಿ, ನಾಯಿ ಹೋಗಿ ಇನ್ನೂ ಹೆಚ್ಚು ದಿನ ಆಗಿಲ್ಲ, ಮನೇಲಿ ಅದರ ಬೆಲ್ಟ್ ಇನ್ನೂ ಮೊಳೆಗೆ ನೇತಾಡ್ತಿದೆ ಅಂದ್ರೆ ಇಡ್ಬೇಡಿ. ಆಗ ಮಗೂನ ಕರೆದಾಗೆಲ್ಲಾ ಯಾರಿಗೋ ಕಣ್ಣು ತುಂಬುತ್ತೆ, ಆ ಭಾರ ಮಗೂಗೆ ಯಾಕೆ.

ತಮ್ಮನ ಹೆಂಡ್ತಿಗೆ ಈಗ ಐದು ತಿಂಗ್ಳು. ಮನೇಲಿ ಕಿಟ್ಟಿ ಅಂತ ಒಂದು ಗಂಡು ಬೆಕ್ಕಿದೆ. ಅಮ್ಮ ಯಾವುದಕ್ಕೂ ಇರ್ಲಿ ಅಂತ ಈಗ್ಲಿಂದಾನೇ ಅದನ್ನ ಬರೀ "ಏ ಬೆಕ್ಕೇ" ಅಂತ ಕರೀತಿದಾಳೆ.