ಫೋನ್ ಕಿತ್ಕೊಳ್ಳಲ್ಲ ಅಂತ ಮೊದ್ಲು ಹೇಳಿ: ಆನ್‌ಲೈನ್ ಕಾಟ ಮತ್ತು ನನ್ನ ಅನುಭವ

ಆನ್‌ಲೈನ್ ಕಾಟಕ್ಕೆ ನಾನು ಮಾಡೋದನ್ನ ನೋಡಿ ಸ್ಟಾಫ್ ರೂಮಲ್ಲಿ ನಕ್ಕೋರೇ ಈಗ ಮಕ್ಕಳನ್ನ ನನ್ನ ರೂಮಿಗೆ ಕಳಿಸ್ತಿದಾರೆ, ಅದಕ್ಕೇ ಬರೀತಿದೀನಿ. ನಾನು ಸ್ಕೂಲ್ ಕೌನ್ಸೆಲರ್, ಬರೋರು ಹೆಚ್ಚಾಗಿ 12-14 ವಯಸ್ಸಿನೋರು.

ಮೊದ್ಲು ದುಡ್ಡು ಹೋದ ಕಥೆ. ಮ್ಯಾನೇಜ್‌ಮೆಂಟ್‌ನೋರು ಮಾನಿಟರಿಂಗ್ ಆ್ಯಪ್‌ಗೆ ವರ್ಷದ ಸಬ್‌ಸ್ಕ್ರಿಪ್ಷನ್ ಕಟ್ಟಿದ್ರು, ನನ್ನ ಬಜೆಟ್ಟಲ್ಲಿ ಹತ್ರಹತ್ರ ಅರ್ಧ ಅದಕ್ಕೇ ಹೋಯ್ತು. ಮಕ್ಕಳು ವಾರದೊಳಗೆ ಇನ್ನೊಂದು ಅಕೌಂಟ್ ಮಾಡ್ಕೊಂಡು ಅಲ್ಲಿ ಶುರು ಹಚ್ಕೊಂಡ್ರು. ಆಮೇಲೆ ಹೊರಗಿಂದ ಒಬ್ಬ ಸ್ಪೀಕರ್, ಫೀಸೂ ಜೋರೇ, "ಇಗ್ನೋರ್ ಮಾಡಿ" ಅಂತ ಹೇಳಿ ಹೋದ್ರು. ಇಡೀ ಕ್ಲಾಸ್ ಗ್ರೂಪಲ್ಲಿ ನಿಮ್ಮ ಮುಖದ ಸ್ಟಿಕರ್ ಓಡಾಡ್ತಿರೋವಾಗ ಇಗ್ನೋರ್ ಹೆಂಗ್ರೀ ಮಾಡೋದು?

ಮಕ್ಕಳು ಬಾಯಿ ಬಿಡದೇ ಇರೋದು ಫೋನ್ ಹೋಗುತ್ತೆ ಅನ್ನೋ ಭಯಕ್ಕೆ. ಅದಕ್ಕೆ, ಮಗು ಬಂದು ಹೇಳಿದ್ರೆ ಫೋನ್ ಮುಟ್ಟಲ್ಲ ಅಂತ ಪೇರೆಂಟ್ಸ್ ಹತ್ರ ಒಂದು ಚೀಟಿಗೆ ಸೈನ್ ಹಾಕಿಸ್ಕೊಂಡೆ, "ಫೋನ್ ಕೊಟ್ಟಿದ್ದೇ ತಪ್ಪು ಮೇಡಂ" ಅಂತ ಮೀಟಿಂಗಲ್ಲಿ ಗಲಾಟೆ ಆದ್ರೂ ಸುಮಾರು ಮುಕ್ಕಾಲು ಪಾಲು ಜನ ಹಾಕಿದ್ರು. ಆ ಟರ್ಮಲ್ಲಿ ಬರೋ ಮಕ್ಕಳು ಏನಿಲ್ಲಾಂದ್ರೂ ಮೂರು ಪಟ್ಟಾದ್ರು. ಕಾಟ ಜಾಸ್ತಿ ಆಯ್ತು ಅಂತ ಪ್ರಿನ್ಸಿಪಾಲ್ ಗಾಬರಿ! ಜಾಸ್ತಿ ಆಗಿದ್ದು ಕಾಟ ಅಲ್ಲ, ಬಾಯಿ ಬಿಡೋರು. ಖರ್ಚು ಬರೀ ಜೆರಾಕ್ಸಿಂದು.

ಮತ್ತೆ ಮತ್ತೆ ತೆಗೆದು ಓದೋದೇ ಮಗುನ ಜಾಸ್ತಿ ಸುಡೋದು, ಹಂಗಾಗಿ ಸ್ಕ್ರೀನ್‌ಶಾಟ್ ತೆಗೆಯೋ ಕೆಲಸ ನಂಬಿಕೆಯ ಫ್ರೆಂಡಿಗೆ, ಯೂಸರ್‌ನೇಮ್, ಡೇಟು, ಟೈಮು ಎಲ್ಲಾ ಕಾಣ್ಬೇಕು, ಆಮೇಲೇ ರಿಪೋರ್ಟು. ಒಂದೇ ಕ್ಲಾಸಿನೋರಾದ್ರೆ ಬ್ಲಾಕ್‌ಗೆ ಅವಸರ ಮಾಡಲ್ಲ, ಗೊತ್ತಾದ್ರೆ ಹೊಸ ಅಕೌಂಟಿಂದ ಬರ್ತಾರೆ. ಇನ್‌ಸ್ಟಾಗ್ರಾಮಲ್ಲಿ 2019ರಿಂದ ರಿಸ್ಟ್ರಿಕ್ಟ್ ಇದೆಯಲ್ಲ, ಅದನ್ನ ಹಾಕಿಸ್ತೀನಿ, ನಾವು ಒಪ್ಪೋ ತನಕ ಕಾಟ ಕೊಡೋನ ಹೊಸ ಕಾಮೆಂಟ್ ಅವನಿಗೆ ಬಿಟ್ಟು ಬೇರೆ ಯಾರಿಗೂ ಕಾಣಲ್ಲ. ಒಬ್ಬ ಹುಡುಗ ದಿನಾ ಕಾಮೆಂಟ್ ಹಾಕಿ ಹಾಕಿ, ಕೊನೆಗೆ "ಯಾಕ್ರೋ ಯಾರೂ ನಗ್ತಿಲ್ಲ" ಅಂತ ಕ್ಲಾಸಲ್ಲಿ ತಾನೇ ಕೇಳಿ ಸಿಕ್ಕಾಕ್ಕೊಂಡ.

ಬಟ್ಟೆ ಇಲ್ಲದ ಫೋಟೋ ವಿಷಯ ಆದ್ರೆ ಮಾತ್ರ ಸ್ಕ್ರೀನ್‌ಶಾಟ್ ಬೇಡವೇ ಬೇಡ. 18 ತುಂಬದ ವಯಸ್ಸಲ್ಲಿ ತೆಗೆದ ಫೋಟೋಗಳಿಗೆ ಟೇಕ್ ಇಟ್ ಡೌನ್ ಅಂತ ಸರ್ವೀಸ್ 2023ರಲ್ಲಿ ಬಂತು, ಫ್ರೀ. ಫೋಟೋ ಫೋನಲ್ಲೇ ಇರುತ್ತೆ, ಅದರ ಹ್ಯಾಶ್, ಅಂದ್ರೆ ಫೋಟೋದ ಬೆರಳಚ್ಚಿನ ಥರದ ಒಂದು ಕೋಡ್, ಅಷ್ಟೇ ಹೋಗುತ್ತೆ, ಜತೆಗೆ ಸೇರಿರೋ ಕಂಪನಿಗಳು ಅದನ್ನ ಇಟ್ಕೊಂಡು ಹುಡುಕ್ತಾರೆ.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದ್ದೆ, ನೋಡ್ತಾ ಕೂತಿರೋ ಮಕ್ಕಳ ಕೈಲಿ ಗ್ರೂಪಲ್ಲೇ ಸಪೋರ್ಟ್ ಮಾಡ್ಸೋದು. ಎರಡು ಪಾರ್ಟಿ ಆಗಿ ಜಗಳ ಡಬಲ್ ಆಯ್ತು. ಪರ್ಸನಲ್ಲಾಗಿ "ನೋಡ್ದೆ, ನಾಳೆ ನನ್ ಪಕ್ಕ ಕೂತ್ಕೋ" ಅಂತ ಒಂದು ಮೆಸೇಜ್ ಹಾಕ್ಸಿದೆ ನೋಡಿ, ಅದು ಹಿಡೀತು.

ಕಾಟ ಕೊಟ್ಟೋನನ್ನ ಕೂರಿಸ್ಕೊಂಡು ಮೊದಲ ಪ್ರಶ್ನೆ ಏನ್ ಕೇಳ್ತೀನಿ ಅನ್ನೋದನ್ನ ಇಲ್ಲಿ ಬರೆಯಲ್ಲ, ಅವರೂ ಓದ್ತಾರೆ. ಆ್ಯಪ್ ಅಂತೂ ಈ ವರ್ಷ ರಿನ್ಯೂ ಮಾಡಿಸ್ಲಿಲ್ಲ.