ಮಗು ಬಾಯಿಬಿಟ್ಟಾಗ: ಶಿಕ್ಷಕರ ಮೊದಲ ಹತ್ತು ನಿಮಿಷ, ಆಮೇಲಿನ ತಿಂಗಳುಗಳು

ದೌರ್ಜನ್ಯಕ್ಕೆ ಒಳಗಾದ ಮಗು ನೇರವಾಗಿ ಬಂದು ಹೇಳುವುದು ಅಪರೂಪ. "ಮಿಸ್, ಇವತ್ತು ಮನೆಗೆ ಹೋಗ್ಲೇಬೇಕಾ?" ಎಂದೋ "ನನ್ನ ಫ್ರೆಂಡ್‌ಗೆ ಒಬ್ರು ಹಿಂಗೆ ಮಾಡಿದ್ರಂತೆ" ಎಂದೋ ಸುತ್ತುಬಳಸಿ ಶುರುವಾಗುತ್ತದೆ. ಅದೂ ಹೆಚ್ಚಾಗಿ ಬೆಲ್ ಹೊಡೆದು ಎಲ್ಲರೂ ಹೊರಟ ಮೇಲೆ, ನೀವು ಹಾಜರಿ ಪುಸ್ತಕ ಎತ್ತಿಕೊಳ್ಳುವಾಗ. ಆಗ "ನಾಳೆ ಮಾತಾಡೋಣ" ಎಂದರೆ ಮಗು ಮತ್ತೆ ಬಾಯಿಬಿಡದೇ ಇರಬಹುದು. ಬಸ್ ತಪ್ಪಿದರೂ ಸರಿ, ಕುಳಿತುಕೊಳ್ಳಿ.

ಮೊದಲ ಹತ್ತು ನಿಮಿಷ

ಇತರರಿಗೆ ಕಾಣುವ ಆದರೆ ಕೇಳಿಸದ ಜಾಗ ಆರಿಸಿ: ಜಗಲಿಯ ತುದಿ, ಬಾಗಿಲು ತೆರೆದ ಗ್ರಂಥಾಲಯ. ಮೇಜಿನ ಆಚೆ ಬೇಡ, ಮಗುವಿನ ಕಣ್ಣಿನ ಮಟ್ಟಕ್ಕೆ ಪಕ್ಕದಲ್ಲಿ ಕೂರಿ. ಸಮಾಧಾನಕ್ಕೆಂದು ತಲೆ ಸವರುವುದೂ ಬೇಡ. ಮುಟ್ಟಬೇಕೆನಿಸಿದರೆ ಕೇಳಿ ಮುಟ್ಟಿ. ಮೂರು ಮಾತು ಸಾಕು: "ನೀನು ಹೇಳಿದ್ದು ಒಳ್ಳೇದಾಯ್ತು. ನಿನ್ನ ಮಾತು ನಾನು ನಂಬ್ತೀನಿ. ಇದರಲ್ಲಿ ನಿನ್ನ ತಪ್ಪಿಲ್ಲ."

"ಯಾರಿಗೂ ಹೇಳ್ಬೇಡಿ ಮಿಸ್" ಎಂದಾಗ ಆಣೆ ಮಾಡಬೇಡಿ. ಮುರಿಯಲೇಬೇಕಾದ ಮಾತು ಕೊಟ್ಟರೆ ಮಗು ಎರಡನೇ ಸಲ ಮೋಸಹೋಗುತ್ತದೆ. "ಎಲ್ಲರಿಗೂ ಹೇಳಲ್ಲ ಪುಟ್ಟ. ನಿನ್ನ ಕಾಪಾಡೋಕೆ ಬೇಕಾದೋರಿಗೆ ಮಾತ್ರ ಹೇಳಬೇಕು. ಹೇಳೋ ಮುಂಚೆ ನಿಂಗೆ ತಿಳಿಸ್ತೀನಿ" ಎನ್ನಿ, ಹಾಗೆಯೇ ನಡೆದುಕೊಳ್ಳಿ.

ಎಡವುವುದು ಹೆಚ್ಚಾಗಿ ಪ್ರಶ್ನೆಗಳಲ್ಲಿ. "ಏನಾಯ್ತು ಹೇಳ್ತೀಯಾ?", "ಆಮೇಲೆ?" ಇವಿಷ್ಟೇ ಕೇಳಿ. "ಮಾವ ಇಲ್ಲಿ ಮುಟ್ಟಿದ್ರಾ?" ಎಂದು ನೀವೇ ಉತ್ತರ ಎತ್ತಿಕೊಟ್ಟರೆ, ನಾಳೆ ಕೋರ್ಟಿನಲ್ಲಿ ಮಗುವಿಗೆ ಹೇಳಿಕೊಟ್ಟಿದ್ದಾರೆ ಎಂಬ ವಾದಕ್ಕೆ ದಾರಿಯಾಗುತ್ತದೆ. "ಯಾಕೆ ಕೂಗಲಿಲ್ಲ?" ಎಂಬ ಪ್ರಶ್ನೆ ಮಗುವಿನ ಕಿವಿಗೆ ಆರೋಪವಾಗಿಯೇ ಬೀಳುತ್ತದೆ. ನಿಮಗೆ ತಿಳಿಯಬೇಕಾದ್ದು ಎರಡೇ: ಕೊನೆಯ ಸಲ ಯಾವಾಗ ನಡೆಯಿತು, ಇವತ್ತು ರಾತ್ರಿ ಮಗು ಎಲ್ಲಿ ಮಲಗಿದರೆ ಸುರಕ್ಷಿತ. ಉಳಿದದ್ದು ತನಿಖೆ; ಅದು ನಿಮ್ಮ ಕೆಲಸವಲ್ಲ. ಹೆಡ್‌ಮಾಸ್ಟರ್ ಮುಂದೆ, ಸ್ಟಾಫ್ ರೂಮಿನಲ್ಲಿ ಮತ್ತೆ ಮತ್ತೆ ಹೇಳಿಸಬೇಡಿ.

ಮಗು ಎದ್ದುಹೋದ ಒಂದು ಗಂಟೆಯೊಳಗೆ ಬರೆದಿಡಿ. ದಿನಾಂಕ, ಸಮಯ, ಜಾಗ, ನೀವು ಕೇಳಿದ ಪ್ರಶ್ನೆ, ಮಗು ಆಡಿದ ಮಾತು ಆಡಿದ ಹಾಗೆಯೇ. ಮಗು "ಅಲ್ಲಿ" ಎಂದಿದ್ದರೆ "ಅಲ್ಲಿ" ಎಂದೇ ಬರೆಯಿರಿ, ದೊಡ್ಡವರ ಪದ ತುಂಬಬೇಡಿ.

ಅದೇ ದಿನ

ಲೈಂಗಿಕ ದೌರ್ಜನ್ಯವಾದರೆ, ಅಂಥ ಅಪರಾಧಗಳಿಂದ ಮಕ್ಕಳನ್ನು ಕಾಪಾಡುವ ಪೋಕ್ಸೊ ಕಾಯ್ದೆ, 2012ರ ಸೆಕ್ಷನ್ 19ರಂತೆ ವಿಷಯ ತಿಳಿದವರು, ಗುಮಾನಿ ಬಂದವರು ಕೂಡ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಸೆಕ್ಷನ್ 21ರಡಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆ ಇದೆ. "ಮೊದಲು ನಾವೇ ವಿಚಾರಿಸೋಣ", "ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿ) ಕೂತು ಮುಗಿಸೋಣ" ಎಂಬ ರಾಜಿ ಪಂಚಾಯ್ತಿಗೆ ಇಲ್ಲಿ ಜಾಗವೇ ಇಲ್ಲ. ಅಂಥ ಪಂಚಾಯ್ತಿಯಲ್ಲಿ ಉಳಿಯುವುದು ಶಾಲೆಯ ಹೆಸರು, ಮಗುವಲ್ಲ.

ತಕ್ಷಣದ ಅಪಾಯವಿದ್ದರೆ 112, ಇಲ್ಲದಿದ್ದರೆ ಠಾಣೆ. ಮಕ್ಕಳ ಸಹಾಯವಾಣಿ 1098 ಜೊತೆಗಿರುತ್ತದೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಮನೆಯಲ್ಲಿ ಹೊಡೆತ, ಬರೆ, ಉಪವಾಸದಂಥ ಹಿಂಸೆಯಾದರೂ 1098ಕ್ಕೆ ಕರೆ ಮಾಡಿ. ಮಕ್ಕಳನ್ನು ನೋಡಿಕೊಳ್ಳಬೇಕಾದವರೇ ಹಿಂಸಿಸಿದರೆ ಶಿಕ್ಷಿಸುವ ಬಾಲನ್ಯಾಯ ಕಾಯ್ದೆ, 2015ರ ಸೆಕ್ಷನ್ 75 ಅನ್ವಯಿಸುತ್ತದೆ. ಆರೋಪಿ ಮನೆಯವರೇ ಆಗಿದ್ದರೆ ಮೊದಲು ಮನೆಗೆ ಫೋನ್ ಮಾಡಬೇಡಿ. ಸಂಜೆಯೊಳಗೆ ಮಗುವಿನ ಬಾಯಿ ಮುಚ್ಚಿಸಿಬಿಡುತ್ತಾರೆ.

ಲೈಂಗಿಕ ದೌರ್ಜನ್ಯ ಇತ್ತೀಚಿನದಾದರೆ, ಅದು ನಡೆದ 72 ಗಂಟೆಯೊಳಗೆ ಆಸ್ಪತ್ರೆ. ಎಚ್‌ಐವಿ ಮತ್ತು ಗರ್ಭ ತಡೆಯುವ ಔಷಧಿಗೂ, ಸಾಕ್ಷ್ಯಕ್ಕೂ ಈ ಅವಧಿ ಮುಖ್ಯ. ಬೇಗ ಹೋದಷ್ಟೂ ಒಳ್ಳೆಯದು. ಅಲ್ಲಿಯವರೆಗೆ ಸ್ನಾನ ಬೇಡ, ಬಟ್ಟೆ ಒಗೆಯುವುದು ಬೇಡ. ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಲ್ಲ, ಕಾಗದದ ಚೀಲದಲ್ಲಿಡಿ; ಪ್ಲಾಸ್ಟಿಕ್ ಒಳಗಿನ ತೇವಕ್ಕೆ ಸಾಕ್ಷ್ಯ ಹಾಳಾಗುತ್ತದೆ. ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಬೇಕು.

ಮುಂದೇನು ಎಂದು ಮಗುವಿಗೆ ಮೊದಲೇ ಹೇಳಿದರೆ ಅರ್ಧ ಹೆದರಿಕೆ ಇಳಿಯುತ್ತದೆ. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು. ಮನೆಯಲ್ಲೋ ಮಗುವಿಗೆ ಇಷ್ಟವಾದ ಕಡೆಯೋ ಬಂದು ಬರೆದುಕೊಳ್ಳಬೇಕು. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಗು ನಂಬುವ ಹಿರಿಯರೊಬ್ಬರು ಜೊತೆಗಿರಬಹುದು, ಅದು ನೀವೂ ಆಗಬಹುದು. ಹೇಳಿಕೆಯ ತಾಲೀಮು ಮಾತ್ರ ಎಂದೂ ಮಾಡಿಸಬೇಡಿ.

ಆಮೇಲಿನ ತಿಂಗಳುಗಳು

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಒಡಕು, ಕುಡಿತದ ಮನೆಗಳಿಂದ ಬಂದೂ ಚೆನ್ನಾಗಿ ಬಾಳಿದವರ ಬದುಕಿನಲ್ಲಿ ಮನೆಯಾಚೆಯ ಅಕ್ಕರೆಯ ಹಿರಿಯರೊಬ್ಬರು ಇರುತ್ತಿದ್ದರು. ಎಷ್ಟೋ ಸಲ ಅದು ಮೆಚ್ಚಿನ ಶಿಕ್ಷಕರು. ಅವರು ಮಾಡುವುದು ದೊಡ್ಡ ಕೆಲಸವೇನಲ್ಲ, ದಿನವೂ ಒಂದೇ ಥರ ಇರುವುದು.

ಬೆಳಿಗ್ಗೆ ಹೆಸರು ಹಿಡಿದು ಮಾತಾಡಿಸಿ. ಟೈಮ್‌ಟೇಬಲ್ ಬದಲಾದರೆ, ನೀವು ರಜೆ ಹಾಕಿದರೆ ಹಿಂದಿನ ದಿನವೇ ತಿಳಿಸಿ. ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು ಇರುವ ಜಾಗ ಕೊಡಿ. ಹಿಂದಿನಿಂದ ಹೋಗಿ ಪುಸ್ತಕ ಇಣುಕಬೇಡಿ. ಒಂದು ಬಣ್ಣದ ಕಾರ್ಡ್ ಕೊಟ್ಟು, ಅದನ್ನು ಮೇಜಿನ ಮೇಲಿಟ್ಟರೆ ಕೇಳದೆಯೇ ಐದು ನಿಮಿಷ ಕಣ್ಣಳತೆಯಲ್ಲಿರುವ ನಲ್ಲಿಯವರೆಗೆ ಹೋಗಿಬರಬಹುದು ಎಂದು ಒಪ್ಪಂದ ಮಾಡಿಕೊಳ್ಳಿ. ಗಾಬರಿಯಿಂದ ಮರಗಟ್ಟಿ ಕೂತರೆ ಮೆತ್ತಗೆ ಮಾತಾಡಿಸಿ: ಪಾದ ನೆಲಕ್ಕೆ ಒತ್ತಲಿ, ಕಾಣುವ ಐದು ವಸ್ತು ಹೆಸರಿಸಲಿ, ಉಸಿರನ್ನು ನಿಧಾನವಾಗಿ ಹೊರಬಿಡಲಿ.

ಹೋಂವರ್ಕ್ ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ಎಲ್ಲದರಿಂದಲೂ ವಿನಾಯಿತಿ ಕೊಟ್ಟರೆ "ನಾನು ಕೆಟ್ಟುಹೋದವಳು" ಎಂಬ ಭಾವನೆ ಗಟ್ಟಿಯಾಗುತ್ತದೆ. ಗಿಡಕ್ಕೆ ನೀರು, ಗ್ರಂಥಾಲಯದ ಪುಸ್ತಕ ಜೋಡಿಸುವುದು, ಇಂಥ ಜವಾಬ್ದಾರಿ ಕೊಡಿ.

ಹಲವು ಶಿಕ್ಷಕರು ಕೈಚೆಲ್ಲುವ ಘಟ್ಟ ಮುಂದೆ ಬರುತ್ತದೆ. ನಿಮ್ಮನ್ನು ನಂಬಿ ಹೇಳಿಕೊಂಡ ಮಗುವೇ ನಿಮ್ಮ ಮೇಲೆ ಕೂಗುತ್ತದೆ, ಸುಳ್ಳು ಹೇಳುತ್ತದೆ, ಪೆನ್ನು ಕದಿಯುತ್ತದೆ. ಇದು ಕೃತಘ್ನತೆಯಲ್ಲ, ಕೆಟ್ಟದಾಗಿ ನಡೆದುಕೊಂಡರೂ ಈ ಮಿಸ್ ನನ್ನನ್ನು ಬಿಡುವುದಿಲ್ಲವೇ ಎಂಬ ಪರೀಕ್ಷೆ. ನಿಯಮ ಸಡಿಲಿಸಬೇಡಿ, ದನಿ ಏರಿಸಬೇಡಿ: "ಪೆನ್ನು ವಾಪಸ್ ಕೊಡಬೇಕು. ನಾಳೆ ಎಂದಿನಂತೆ ಸಿಗೋಣ." ಹೊರಗೆ ನಿಲ್ಲಿಸುವುದು, ಮಂಡಿಯೂರಿಸುವುದು ಶಿಕ್ಷಣ ಹಕ್ಕು ಕಾಯ್ದೆ, 2009ರ ಸೆಕ್ಷನ್ 17ರಂತೆ ಯಾವ ಮಗುವಿಗೂ ನಿಷಿದ್ಧ, ಈ ಮಗುವಿಗಂತೂ ಹಳೆಯ ಗಾಯವನ್ನೇ ಕೆದಕಿದಂತೆ.

ಮಾರ್ಗದರ್ಶಕರಾಗಿ ಪ್ರತ್ಯೇಕ ಸಮಯ ಕೊಡುವುದಾದರೆ ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು, 20 ನಿಮಿಷ. ಚಿತ್ರ, ಚೌಕಾಬಾರ, ಕೈಕೆಲಸ ಏನಾದರೂ ಇರಲಿ. ಘಟನೆಯ ಮಾತು ಮಗುವೇ ಎತ್ತಿದರೆ ಮಾತ್ರ. ಗುಟ್ಟಿನ ಉಡುಗೊರೆ, ಬೈಕ್‌ನಲ್ಲಿ ಡ್ರಾಪ್, ರಾತ್ರಿಯ ವಾಟ್ಸ್ಆ್ಯಪ್ ಬೇಡ. ಮಕ್ಕಳನ್ನು ಬಲೆಗೆ ಬೀಳಿಸುವವರು ಬಳಸುವ ದಾರಿಗಳೂ ಇವೇ ಆದ್ದರಿಂದ ಮಗುವಿಗೆ ಗೊಂದಲವಾಗುತ್ತದೆ. ಮಗುವಿನ ಹೆಸರು ಸ್ಟಾಫ್ ಗ್ರೂಪಿಗೂ ಹೋಗಬಾರದು.

ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೋ ನಿಮ್ಹಾನ್ಸ್‌ನ ಮಕ್ಕಳ ವಿಭಾಗವನ್ನೋ ಕಾಣಿಸಿ. ಸಾಯುವ ಮಾತಾಡಿದರೆ, ಕೈ ಕೊಯ್ದುಕೊಂಡಿದ್ದರೆ ಅದೇ ದಿನ ವೈದ್ಯರು ನೋಡಬೇಕು, ಮಗುವನ್ನು ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು.

ಬೇಸಿಗೆ ರಜೆಗೆ ಮೂರು ವಾರ ಇರುವಾಗಲೇ ಮುಂದಿನ ತರಗತಿಯ ಮಾತು ತೆಗೆಯಿರಿ. ಹೊಸ ಶಿಕ್ಷಕರಿಗೆ ಏನು ಹೇಳಬಹುದು, ಏನು ಹೇಳಬಾರದು ಎಂದು ಮಗುವನ್ನೇ ಕೇಳಿ. ಹೆಚ್ಚಿನ ಸಲ "ಬಾಗಿಲ ಹತ್ತಿರ ಕೂರಿಸಿ, ಹಿಂದಿನಿಂದ ಮುಟ್ಟಬೇಡಿ" ಎಂಬಷ್ಟೇ ಸಾಕು. ರಜೆ ಮುಗಿದ ಮೊದಲ ದಿನ ಹಳೆಯ ತರಗತಿಯ ಬಾಗಿಲಲ್ಲಿ ಮಗು ಇಣುಕಿದರೆ, ಪಾಠ ಒಂದು ನಿಮಿಷ ನಿಲ್ಲಿಸಿ ಹೆಸರು ಹಿಡಿದು ಮಾತಾಡಿಸಿ.